ಐದು ಡಾಲರ್ ಫೀಸಿನ ವಕೀಲ

1837ರ ಒಂದು ಲೆಕ್ಕದ ಪುಸ್ತಕ ಇಂದಿಗೂ ಉಳಿದಿದೆ. ಅಮೆರಿಕದ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿದ್ದ 'ಸ್ಟುವರ್ಟ್ ಅಂಡ್ ಲಿಂಕನ್' ಎಂಬ ವಕೀಲರ ಕಚೇರಿಯದು. ಪುಟ ತಿರುವಿದಷ್ಟೂ ಕಣ್ಣಿಗೆ ಬೀಳುವುದು ಹೆಚ್ಚಾಗಿ ಒಂದೇ ಅಂಕಿ, 5 ಡಾಲರ್. ವಿಧವೆಯೊಬ್ಬಳಿಗೆ ಗಂಡನ ಜಮೀನಿನಲ್ಲಿ ಪಾಲು ಕೊಡಿಸಿದ್ದಕ್ಕೆ 5. ಜಪ್ತಿಯಾದ ಸಾಮಾನು ನಿಜವಾಗಿ ಯಾರದೆಂಬ ತಕರಾರಿನಲ್ಲಿ ವಾದಿಸಿದ್ದಕ್ಕೆ 5. ನಡುವೆ ಒಂದು ದೊಡ್ಡ ಕೇಸಿಗೆ 50 ಡಾಲರ್ ಬರೆದಿದೆ. ಅದರ ಕೆಳಗೆ 'ಸ್ಟುವರ್ಟ್‌ಗೆ ಕೋಟು, 15 ಡಾಲರ್' ಎಂದು ಜಮೆ, ಬಾಕಿ 35. ಕೋಟು ಹಿರಿಯ ಪಾಲುದಾರನ ಮೈಮೇಲೆ ಹೋಯಿತು. ಕಿರಿಯವನ ಹೆಸರು ಅಬ್ರಹಾಂ ಲಿಂಕನ್.

5 ಡಾಲರ್ ಎಂದರೆ ಆಗ ಎಷ್ಟು? ಸರ್ಕಾರಿ ಜಮೀನಿನ ಕನಿಷ್ಠ ದರ ಎಕರೆಗೆ 1.25 ಡಾಲರ್ ಇತ್ತು. ಒಂದು ಕೇಸಿನ ಫೀಸಿಗೆ ನಾಲ್ಕು ಎಕರೆ ಬರುತ್ತಿತ್ತು. ಕಡಿಮೆಯೇನಲ್ಲ. ಆದರೆ ಫೀಸು ಪುಸ್ತಕದಲ್ಲಿ ಬರೆಯುವುದು ಬೇರೆ, ಕೈಗೆ ಬರುವುದು ಬೇರೆ. ಆ ಸೀಮೆಯಲ್ಲಿ ನಗದೇ ಓಡಾಡುತ್ತಿರಲಿಲ್ಲ. ನಗದಿಲ್ಲದ ಊರಿನಲ್ಲಿ ಜನ ಹೇಗೆ ಬದುಕುತ್ತಿದ್ದರು, ಯಾವುದಕ್ಕೆ ಜಗಳವಾಡುತ್ತಿದ್ದರು ಎಂಬುದು ತಿಳಿಯದೆ ಲಿಂಕನ್‌ನ ವಕೀಲಿಕೆ ಅರ್ಥವಾಗುವುದಿಲ್ಲ. ವಕೀಲಿಕೆ ಅರ್ಥವಾಗದೆ ಅವನ ರಾಜಕೀಯವೂ ಅರ್ಥವಾಗುವುದಿಲ್ಲ.

ನಮ್ಮಲ್ಲಿ ಲಿಂಕನ್ ಹೆಚ್ಚಾಗಿ ಎರಡು ರೂಪದಲ್ಲಿ ಪರಿಚಿತ. ಒಂದು, ಶಾಲೆಯ ಗೋಡೆಗಳಲ್ಲಿ ಕಟ್ಟುಹಾಕಿಸಿ ನೇತುಹಾಕಿರುವ, ಮಗನ ಶಿಕ್ಷಕರಿಗೆ ಬರೆದನೆನ್ನುವ ಪತ್ರ. ಅಂಥ ಪತ್ರ ಅವನ ಕಾಗದಪತ್ರಗಳಲ್ಲಿ ಎಲ್ಲೂ ಇಲ್ಲ. ಇನ್ನೊಂದು, ವಾಟ್ಸ್‌ಆ್ಯಪ್‌ನಲ್ಲಿ ತಿರುಗುವ ಸೋಲುಗಳ ಪಟ್ಟಿ: ವ್ಯಾಪಾರದಲ್ಲಿ ಸೋತ, ಚುನಾವಣೆಯಲ್ಲಿ ಸೋತ, ಮತ್ತೆ ಸೋತ, ಕೊನೆಗೆ ಅಧ್ಯಕ್ಷನಾದ. ಆ ಪಟ್ಟಿಯಲ್ಲಿ ಅವನು ಸತತ ನಾಲ್ಕು ಸಲ ರಾಜ್ಯ ಶಾಸನಸಭೆಗೆ ಗೆದ್ದದ್ದೂ ಇಲ್ಲ, ಹೆಚ್ಚುಕಡಿಮೆ 25 ವರ್ಷ ನಡೆಸಿದ ವಕೀಲಿಕೆಯೂ ಇಲ್ಲ. ಅಷ್ಟು ಬಿಟ್ಟರೆ ಉಳಿಯುವುದು ಕತೆ ಮಾತ್ರ.

ಚಕ್ಕುಬಂದಿ ಸರಿಯಿಲ್ಲದ ನೆಲ

ಲಿಂಕನ್ ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಕೆಂಟಕಿಯಲ್ಲಿ. ಅಲ್ಲಿ ಜಮೀನಿನ ಅಳತೆ ನಡೆಯುತ್ತಿದ್ದುದು ಗುರುತುಗಳ ಮೇಲೆ: ಆ ಓಕ್ ಮರದಿಂದ ಈ ಹಳ್ಳದವರೆಗೆ, ಅಲ್ಲಿಂದ ಬಂಡೆಯವರೆಗೆ. ಮರ ಬಿದ್ದರೆ, ಹಳ್ಳ ದಿಕ್ಕು ಬದಲಿಸಿದರೆ ಚಕ್ಕುಬಂದಿಯೇ ಹೋಯಿತು. ಒಂದೇ ನೆಲದ ಮೇಲೆ ಎರಡು ಮೂರು ಹಕ್ಕುಪತ್ರಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತಿರುತ್ತಿದ್ದವು. ತಂದೆ ಥಾಮಸ್ ಲಿಂಕನ್ ಅಲ್ಲಿ ಒಂದರ ನಂತರ ಒಂದರಂತೆ ಮೂರು ಜಮೀನು ಹಿಡಿದ, ಮೂರರಲ್ಲೂ ಹಕ್ಕಿನ ಇಲ್ಲವೇ ಗಡಿಯ ತಕರಾರು ಎದ್ದಿತು. 1816ರಲ್ಲಿ ಕುಟುಂಬ ಇಂಡಿಯಾನಾಕ್ಕೆ ಗುಳೆ ಹೋಯಿತು. ಅದಕ್ಕೆ ಗುಲಾಮಗಿರಿಯೂ ಒಂದು ಕಾರಣ, ಆದರೆ ಮುಖ್ಯ ಕಾರಣ ಜಮೀನಿನ ಹಕ್ಕುಪತ್ರದ ತೊಂದರೆ ಎಂದು ಲಿಂಕನ್ ಮುಂದೆ ತಾನೇ ಬರೆದ.

ಇಂಡಿಯಾನಾದಲ್ಲಿ ಗುಲಾಮಗಿರಿ ನಿಷಿದ್ಧವಾಗಿತ್ತು, ಜೊತೆಗೆ ಅಳತೆಯ ಪದ್ಧತಿಯೂ ಬೇರೆಯಿತ್ತು. 1785ರ ಕಾನೂನಿನಂತೆ ಒಕ್ಕೂಟ ಸರ್ಕಾರ ಮೊದಲು ನೆಲವನ್ನು ಚೌಕಗಳಾಗಿ ಕತ್ತರಿಸಿ, ಆಮೇಲೆ ಮಾರುತ್ತಿತ್ತು. ಆರು ಮೈಲಿಗೆ ಆರು ಮೈಲಿಯ ಒಂದು ಟೌನ್‌ಶಿಪ್, ಅದರೊಳಗೆ 36 ಸೆಕ್ಷನ್, ಒಂದೊಂದು ಸೆಕ್ಷನ್ನಿಗೆ 640 ಎಕರೆ. ಮರ, ಬಂಡೆಗಳ ಗೊಡವೆಯೇ ಇಲ್ಲ. 1832ರ ಹೊತ್ತಿಗೆ ಕನಿಷ್ಠ 40 ಎಕರೆ ಕೊಳ್ಳಬಹುದಿತ್ತು. 50 ಡಾಲರ್ ಇದ್ದವನು ರೈತನಾಗಬಹುದಿತ್ತು. ಅಮೆರಿಕದವರು ಫ್ರಾಂಟಿಯರ್ ಎನ್ನುವುದು ಈ ಸೀಮೆಯನ್ನೇ. ಇದು ದೇಶದ ಗಡಿಯಲ್ಲ, ವಲಸಿಗರ ಬೇಸಾಯ ಹೊಸದಾಗಿ ತಲುಪುತ್ತಿದ್ದ ಅಂಚು. ಆ ನೆಲ ಖಾಲಿಯಾಗಿಯೇನೂ ಇರಲಿಲ್ಲ, ಮೂಲನಿವಾಸಿ ಜನಾಂಗಗಳಿಂದ ಒಪ್ಪಂದ, ಒತ್ತಾಯ, ಯುದ್ಧಗಳ ಮೂಲಕ ಕಿತ್ತುಕೊಂಡದ್ದು. 1832ರ ಬ್ಲ್ಯಾಕ್ ಹಾಕ್ ಯುದ್ಧ ಅಂಥದೊಂದು. 23ರ ಲಿಂಕನ್ ಅದರಲ್ಲಿ ಸ್ವಯಂಸೇವಕರ ತುಕಡಿಯ ಕ್ಯಾಪ್ಟನ್ ಆಗಿದ್ದ.

1830ರಲ್ಲಿ ಕುಟುಂಬ ಇಲಿನಾಯ್‌ಗೆ ಬಂತು. ಮರುವರ್ಷ ಲಿಂಕನ್ ಮನೆಯಿಂದ ಬೇರೆಯಾಗಿ ನ್ಯೂ ಸೇಲಂ ಎಂಬ ಪುಟ್ಟ ಹಳ್ಳಿ ಸೇರಿದ. ಅಲ್ಲಿ ವಿಲಿಯಂ ಬೆರ್ರಿ ಎಂಬವನ ಜೊತೆ ಕೂಡಿ ಅಂಗಡಿ ಇಟ್ಟ, ಅದು ಮುಳುಗಿತು. 1835ರಲ್ಲಿ ಬೆರ್ರಿಯೂ ಸತ್ತು ಸುಮಾರು 1,100 ಡಾಲರ್ ಸಾಲ ಲಿಂಕನ್ ತಲೆಗೆ ಕಟ್ಟಿಕೊಂಡಿತು. ಅದನ್ನವನು ತಮಾಷೆಗೆ ರಾಷ್ಟ್ರೀಯ ಸಾಲ ಎನ್ನುತ್ತಿದ್ದ. ಹೊಟ್ಟೆಪಾಡಿಗೆ 1833ರಲ್ಲಿ ಹಳ್ಳಿಯ ಪೋಸ್ಟ್‌ಮಾಸ್ಟರ್ ಆದ, ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಘಟಕದ, ಉಪಸರ್ವೇಯರ್ ಕೆಲಸವನ್ನೂ ಹಿಡಿದ.

ಸರ್ವೆಯ ಸಾಧನ ಒಂದು ದಿಕ್ಸೂಚಿ ಮತ್ತು ಗಂಟರ್ ಸರಪಳಿ. ಸರಪಳಿಯ ಉದ್ದ 66 ಅಡಿ, ಅದರಲ್ಲಿ 100 ಕೊಂಡಿ. 80 ಸರಪಳಿಗೆ ಒಂದು ಮೈಲಿ, 10 ಚದರ ಸರಪಳಿಗೆ ಒಂದು ಎಕರೆ. ಇದು ನಮಗೂ ಅಪರಿಚಿತವಲ್ಲ. ನಮ್ಮ ಪಹಣಿಯಲ್ಲಿ ಬರುವ ಗುಂಟೆ 33 ಅಡಿಗೆ 33 ಅಡಿ, ಅಂದರೆ ಸರಿಯಾಗಿ ಅರ್ಧ ಗಂಟರ್ ಸರಪಳಿಯ ಚೌಕ. 40 ಗುಂಟೆಗೆ ಒಂದು ಎಕರೆ ಬರುವ ಗುಟ್ಟೂ ಅದೇ. ಸರಪಳಿ ಜಗ್ಗಿ ಹಿಡಿಯದಿದ್ದರೆ, ಕೊಂಡಿಗಳು ಸವೆದು ಹಿಗ್ಗಿದರೆ, ಇಳಿಜಾರಿನಲ್ಲಿ ನೆಲಕ್ಕೆ ತಾಗಿಸಿ ಅಳೆದರೆ ಅಳತೆ ತಪ್ಪುತ್ತದೆ. ಮೈಲಿಯೊಂದರಲ್ಲಿ 80 ಸಲ ಮಾಡಿದ ಸಣ್ಣ ತಪ್ಪು ಬೇಲಿಯ ಹತ್ತಿರ ದೊಡ್ಡ ಜಗಳವಾಗುತ್ತದೆ. ಅಂಗಡಿಯ ಸಾಲಕ್ಕಾಗಿ ಲಿಂಕನ್‌ನ ಸರ್ವೆ ಸಾಮಗ್ರಿಯೇ ಜಪ್ತಿಯಾಗಿ ಹರಾಜಿಗೆ ಬಂದಿತ್ತು. ಸ್ನೇಹಿತ ಜೇಮ್ಸ್ ಶಾರ್ಟ್ ಕೊಂಡು ಅವನಿಗೇ ಹಿಂದಿರುಗಿಸಿದ. ಕಾನೂನಿನ ಜಪ್ತಿ ಎಂದರೇನೆಂದು ಲಿಂಕನ್ ಪುಸ್ತಕದಲ್ಲಿ ಓದುವ ಮೊದಲೇ ಅನುಭವಿಸಿದ್ದ.

ಈ ಎರಡು ಕೆಲಸಗಳು ಓಟಿಗೂ ಒದಗಿದವು. ಆಗ ಅಂಚೆಯ ಖರ್ಚನ್ನು ಕಾಗದ ಪಡೆದವನೇ ಕೊಡಬೇಕಿತ್ತು, ಹಾಗಾಗಿ ಪೋಸ್ಟ್‌ಮಾಸ್ಟರ್ ಪ್ರತಿ ಮನೆಯೊಡನೆಯೂ ವ್ಯವಹರಿಸುತ್ತಿದ್ದ. ಸರ್ವೇಯರ್ ಪ್ರತಿ ಹೊಲ ತುಳಿಯುತ್ತಿದ್ದ. ಮತದಾನವೂ ಗುಟ್ಟಿನದಾಗಿರಲಿಲ್ಲ, ಇಲಿನಾಯ್‌ನಲ್ಲಿ 1848ರವರೆಗೆ ಮತದಾರ ಅಧಿಕಾರಿಗಳ ಮುಂದೆ ನಿಂತು ಅಭ್ಯರ್ಥಿಯ ಹೆಸರನ್ನು ಬಾಯಿಬಿಟ್ಟು ಹೇಳಬೇಕಿತ್ತು. ಅಲ್ಲಿ ಪಕ್ಷಕ್ಕಿಂತ ಪರಿಚಯದ ತೂಕ ಹೆಚ್ಚು. 1832ರ ರಾಜ್ಯ ಶಾಸನಸಭೆಯ ಚುನಾವಣೆಯಲ್ಲಿ ಲಿಂಕನ್ ಹದಿಮೂರು ಮಂದಿಯಲ್ಲಿ ಎಂಟನೆಯವನಾಗಿ ಸೋತ, ಆದರೆ ತನ್ನ ಹಳ್ಳಿಯ ಮತಗಟ್ಟೆಯ 300 ಮತಗಳಲ್ಲಿ 277 ಅವನಿಗೇ ಬಿದ್ದಿದ್ದವು. ಎರಡು ವರ್ಷ ಹೊಲ ಅಳೆದು, ಕಾಗದ ಹಂಚಿದ ಮೇಲೆ 1834ರಲ್ಲಿ ಗೆದ್ದ. 1836, 1838, 1840ರಲ್ಲೂ ಗೆದ್ದ.

ಆ ಶಾಸಕಗಿರಿಯನ್ನು ಹೊಗಳುವವರು ರಾಜಧಾನಿಯನ್ನು ವಾಂಡೇಲಿಯಾದಿಂದ ಸ್ಪ್ರಿಂಗ್‌ಫೀಲ್ಡ್‌ಗೆ ತಂದದ್ದನ್ನು ನೆನೆಯುತ್ತಾರೆ. ಅದೇ 1837ರಲ್ಲಿ ರೈಲು, ಕಾಲುವೆ, ರಸ್ತೆಗಳಿಗಾಗಿ 1 ಕೋಟಿ ಡಾಲರಿನ ಯೋಜನೆಗೂ ಅವನು ಕೈ ಎತ್ತಿದ್ದ. ಜನಸಂಖ್ಯೆ ವಿರಳವಾಗಿದ್ದ ರಾಜ್ಯ, ಎಲ್ಲ ಕಡೆಯೂ ಒಟ್ಟಿಗೇ ಕೆಲಸ ಶುರು. ಅದೇ ವರ್ಷ ದೇಶದ ಬ್ಯಾಂಕುಗಳು ಕುಸಿದವು. ನಾಲ್ಕು ವರ್ಷಗಳಲ್ಲಿ ಇಲಿನಾಯ್ ಬಡ್ಡಿ ಕಟ್ಟಲಾಗದ ಸ್ಥಿತಿಗೆ ಬಂತು. ಪರಿಸ್ಥಿತಿ ಕೆಟ್ಟಮೇಲೂ ಯೋಜನೆಯನ್ನು ಬಿಡಲೊಪ್ಪದವರಲ್ಲಿ ಲಿಂಕನ್ ಒಬ್ಬ. ಅದು ಯೌವನದ ಸಣ್ಣ ತಪ್ಪಲ್ಲ.

ಪುಸ್ತಕ ಓದಿ ವಕೀಲ

ಲಿಂಕನ್ ಶಾಲೆಗೆ ಹೋದ ದಿನಗಳನ್ನೆಲ್ಲ ಕೂಡಿದರೂ ಒಂದು ವರ್ಷ ತುಂಬದು. ಕಾನೂನು ಕಾಲೇಜಿನ ಮಾತೇ ಇಲ್ಲ. ಆ ಸೀಮೆಯಲ್ಲಿ ಅದು ವಿಚಿತ್ರವೂ ಅಲ್ಲ. ವಕೀಲನಾಗಲು ದಾರಿ ಹೀಗಿತ್ತು: ಬಲ್ಲ ವಕೀಲರ ಪುಸ್ತಕ ತಂದು ಓದುವುದು, ಕ್ರಯಪತ್ರ, ಒಪ್ಪಂದಗಳನ್ನು ನಮೂನೆ ನೋಡಿ ಬರೆದು ಕೈ ಪಳಗಿಸುವುದು, ಕೌಂಟಿ ಕೋರ್ಟಿನಿಂದ ಸನ್ನಡತೆಯ ದಾಖಲೆ ಪಡೆಯುವುದು, ರಾಜ್ಯ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರಿಂದ ಪರವಾನಗಿ ಪಡೆಯುವುದು, ಕೊನೆಗೆ ವಕೀಲರ ಪಟ್ಟಿಯಲ್ಲಿ ಹೆಸರು ಬರೆಸುವುದು. ಬ್ಲ್ಯಾಕ್ ಹಾಕ್ ಯುದ್ಧದಲ್ಲಿ ಪರಿಚಯವಾಗಿದ್ದ ಜಾನ್ ಟಾಡ್ ಸ್ಟುವರ್ಟ್ ಪುಸ್ತಕ ಕೊಟ್ಟ. ನ್ಯೂ ಸೇಲಂನಿಂದ ಸ್ಪ್ರಿಂಗ್‌ಫೀಲ್ಡ್‌ಗೆ ಸುಮಾರು 20 ಮೈಲಿ, ಪುಸ್ತಕ ತರಲು ಅಷ್ಟು ದೂರ ಹೋಗಬೇಕಿತ್ತು. ಸನ್ನಡತೆಯ ದಾಖಲೆ 1836ರ ಮಾರ್ಚ್ 24, ಪರವಾನಗಿ ಸೆಪ್ಟೆಂಬರ್ 9, ಪಟ್ಟಿಗೆ ಸೇರಿದ್ದು 1837ರ ಮಾರ್ಚ್ 1. ಏಪ್ರಿಲ್‌ನಲ್ಲಿ ಸ್ಪ್ರಿಂಗ್‌ಫೀಲ್ಡ್‌ಗೆ ಬಂದು ಸ್ಟುವರ್ಟ್ ಜೊತೆ ಸೇರಿದ. 1841ರಿಂದ ಸ್ಟೀಫನ್ ಲೋಗನ್ ಪಾಲುದಾರ, 1844ರಿಂದ ವಿಲಿಯಂ ಹರ್ನ್‌ಡನ್. ಮೂವರಲ್ಲಿ ಲಿಂಕನ್‌ಗೆ ಕೇಸು ಬರೆಯುವ ಶಿಸ್ತು ಕಲಿಸಿದವನು ಲೋಗನ್.

ಆ ಶಿಸ್ತು ಯಾಕೆ ಬೇಕಿತ್ತು ಎಂದರೆ, ಇಲಿನಾಯ್ ಕೋರ್ಟುಗಳು ಹಳೆಯ ಇಂಗ್ಲಿಷ್ ಪದ್ಧತಿಯ ದಾವೆಗಳನ್ನೇ ಅನುಸರಿಸುತ್ತಿದ್ದವು. ಪ್ರತಿ ನೋವಿಗೂ ಒಂದು ನಿಗದಿತ ಅಚ್ಚು. ಮಾತು ಕೊಟ್ಟು ಹಣ ಕೊಡದಿದ್ದರೆ 'ಅಸಂಪ್ಸಿಟ್', ಹಿಡಿದಿಟ್ಟ ಎತ್ತು ವಾಪಸು ಬೇಕಿದ್ದರೆ 'ರಿಪ್ಲೆವಿನ್', ಜಮೀನಿನಿಂದ ಬಿಡಿಸಬೇಕಿದ್ದರೆ 'ಇಜೆಕ್ಟ್‌ಮೆಂಟ್'. ಅಚ್ಚು ತಪ್ಪಿದರೆ ನ್ಯಾಯ ನಿಮ್ಮ ಕಡೆ ಇದ್ದರೂ ದಾವೆ ಬಿದ್ದುಹೋಗುತ್ತಿತ್ತು.

ನೋಟು ಎಂಬ ನಾಣ್ಯ

ಲಿಂಕನ್ ಮತ್ತು ಅವನ ಪಾಲುದಾರರು ನಡೆಸಿದ ಕೇಸುಗಳಲ್ಲಿ ಈವರೆಗೆ ಪತ್ತೆಯಾದವು 5,000ಕ್ಕೂ ಹೆಚ್ಚು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸಾಲದವು. ಕೊಲೆ, ದರೋಡೆಯ ಕೇಸುಗಳು ಸಣ್ಣ ಪಾಲು.

ರೈತನೊಬ್ಬ ಅಂಗಡಿಯಿಂದ ನೇಗಿಲು, ಉಪ್ಪು, ಬಟ್ಟೆ ತರುತ್ತಾನೆ ಎಂದುಕೊಳ್ಳಿ. ದುಡ್ಡಿಲ್ಲ. 12 ತಿಂಗಳಲ್ಲಿ 60 ಡಾಲರ್ ಕೊಡುತ್ತೇನೆ ಎಂದು ಪ್ರಾಮಿಸರಿ ನೋಟು ಬರೆದುಕೊಡುತ್ತಾನೆ. ಅಂಗಡಿಯವನು ಅದರ ಬೆನ್ನಿಗೆ ರುಜು ಹಾಕಿ ಸೇಂಟ್ ಲೂಯಿಯ ಸಗಟು ವ್ಯಾಪಾರಿಗೆ ದಾಟಿಸುತ್ತಾನೆ. ಅವನು ಇನ್ನೊಬ್ಬನಿಗೆ. ಹೀಗೆ ಕಾಗದವೇ ನಾಣ್ಯವಾಗಿ ಓಡುತ್ತದೆ. ಬೆಳೆ ಕೆಟ್ಟರೆ, ಬ್ಯಾಂಕು ಮುರಿದರೆ ಇಡೀ ಸರಪಣಿ ನಿಲ್ಲುತ್ತದೆ. ಕೊನೆಯಲ್ಲಿ ನೋಟು ಹಿಡಿದವನು ವಕೀಲನ ಬಾಗಿಲಿಗೆ ಬರುತ್ತಾನೆ.

ವಕೀಲ ಮೊದಲು ಕೋರ್ಟಿನ ಗುಮಾಸ್ತನಿಗೆ ಚೀಟಿ ಬರೆದು ಸಮನ್ಸ್ ಹೊರಡಿಸುತ್ತಾನೆ. ಶೆರಿಫ್ ಅದನ್ನು ಜಾರಿ ಮಾಡುತ್ತಾನೆ. ಕೋರ್ಟಿನ ಅವಧಿ ಶುರುವಾಗುವ 10 ದಿನ ಮೊದಲೇ ಫಿರ್ಯಾದು ದಾಖಲಾಗಬೇಕು. ತಡವಾದರೆ ಕೇಸು ಮುಂದಿನ ಅವಧಿಗೆ ಹೋಗುತ್ತದೆ, ಅಂದರೆ ಸುಮಾರು ಆರು ತಿಂಗಳು. ಫಿರ್ಯಾದಿನಲ್ಲಿ ನೋಟಿನ ತಾರೀಖು, ಹೆಸರು, ಮೊತ್ತ ಮೂಲದೊಡನೆ ಅಕ್ಷರಕ್ಕಕ್ಷರ ತಾಳೆಯಾಗಬೇಕು. ತಾಳೆಯಾಗದಿದ್ದರೆ ಎದುರಾಳಿ ಅದನ್ನೇ ಹಿಡಿದು ನೋಟನ್ನು ಸಾಕ್ಷ್ಯದಿಂದ ಹೊರಗಿಡಿಸುತ್ತಾನೆ. ಸಾಮಾನ್ಯವಾಗಿ ಸಾಲಗಾರ ಬರುವುದೇ ಇಲ್ಲ, ತೀರ್ಪು ಏಕಪಕ್ಷೀಯ. ಆಮೇಲೆ ಅಸಲು ಕಷ್ಟ: ಡಿಕ್ರಿ ಇದೆ, ವಸೂಲಿ ಎಲ್ಲಿಂದ? ಸಾಲಗಾರ ಅಷ್ಟರಲ್ಲಿ ಗಾಡಿ ಕಟ್ಟಿ ಅಯೋವಾಕ್ಕೋ ಟೆಕ್ಸಾಸ್‌ಗೋ ಹೋಗಿರುತ್ತಾನೆ. ಬೆನ್ನಿಗೆ ರುಜು ಹಾಕಿದವನ ಮೇಲೆ ಬೀಳೋಣವೆಂದರೆ, ಮೊದಲು ಮೂಲ ಸಾಲಗಾರನಿಂದ ವಸೂಲಿಗೆ ತಡಮಾಡದೆ ಪ್ರಯತ್ನಪಟ್ಟದ್ದನ್ನು ತೋರಿಸಬೇಕು.

ಇಷ್ಟು ಒಣ ವಿಷಯದೊಳಗೇ ಒಮ್ಮೆ ಒಬ್ಬಳ ಸ್ವಾತಂತ್ರ್ಯದ ಪ್ರಶ್ನೆ ಅಡಗಿತ್ತು. ಟೇಜ್ವೆಲ್ ಕೌಂಟಿಯ ಡೇವಿಡ್ ಬೇಯ್ಲಿ, ನೇಥನ್ ಕ್ರಾಮ್‌ವೆಲ್ ಎಂಬವನಿಂದ ನ್ಯಾನ್ಸ್ ಎಂಬ ಕಪ್ಪು ಯುವತಿಯ ದುಡಿಮೆಯನ್ನು 'ಕೊಂಡು' ನೋಟು ಬರೆದುಕೊಟ್ಟಿದ್ದ. ಅವಳು ಗುಲಾಮಳೆಂಬ ಪುರಾವೆ ಒದಗಿಸುವುದಾಗಿ ಮಾರಿದವನು ಮಾತು ಕೊಟ್ಟಿದ್ದ, ಒದಗಿಸಲಿಲ್ಲ. ನ್ಯಾನ್ಸ್ ಸುಮಾರು ಆರು ತಿಂಗಳು ಅಲ್ಲಿದ್ದು, ತಾನು ಸ್ವತಂತ್ರಳೆಂದು ಉದ್ದಕ್ಕೂ ಹೇಳುತ್ತಲೇ ಇದ್ದು, ಹೊರಟುಹೋದಳು. ಕ್ರಾಮ್‌ವೆಲ್ ಸತ್ತ ಮೇಲೆ ಅವನ ಆಸ್ತಿ ನೋಡಿಕೊಳ್ಳುವವರು ನೋಟಿನ ಮೇಲೆ ದಾವೆ ಹೂಡಿ ಕೆಳಕೋರ್ಟಿನಲ್ಲಿ ಗೆದ್ದರು. ಮೇಲ್ಮನವಿಯಲ್ಲಿ ಬೇಯ್ಲಿ ಪರ ಲಿಂಕನ್. ಅವನ ವಾದದ ಗಂಟು ಒಂದೇ ಪದದಲ್ಲಿತ್ತು: ಪ್ರತಿಫಲ. ನೋಟಿಗೆ ಪ್ರತಿಫಲವಾಗಿ ಏನಾದರೂ ಸಿಕ್ಕಿರಬೇಕು. ಇಲಿನಾಯ್‌ನಲ್ಲಿ ಪ್ರತಿಯೊಬ್ಬ ವ್ಯಕ್ತಿಯೂ ಸ್ವತಂತ್ರ ಎಂದೇ ಕಾನೂನು ಊಹಿಸುತ್ತದೆ; ಸ್ವತಂತ್ರ ವ್ಯಕ್ತಿಯನ್ನು ಮಾರಲಾಗದು; ಆದ್ದರಿಂದ ಪ್ರತಿಫಲವಿಲ್ಲ, ನೋಟು ಊರ್ಜಿತವಲ್ಲ. 1841ರ ಜುಲೈನಲ್ಲಿ ರಾಜ್ಯ ಸುಪ್ರೀಂ ಕೋರ್ಟು ಇದನ್ನು ಒಪ್ಪಿತು.

ಕೋರ್ಟು ಊರೂರು ಸುತ್ತುತ್ತಿತ್ತು

ಒಂದು ಕೌಂಟಿಗೆ ಒಬ್ಬ ನ್ಯಾಯಾಧೀಶನನ್ನು ಇಡುವಷ್ಟು ಕೇಸೂ ಇರಲಿಲ್ಲ, ಹಣವೂ ಇರಲಿಲ್ಲ. ಹಾಗಾಗಿ ನ್ಯಾಯಾಧೀಶನೇ ಸುತ್ತುತ್ತಿದ್ದ. ಲಿಂಕನ್ ಸುತ್ತಿದ್ದು ಎಂಟನೆಯ ಸರ್ಕಿಟ್. 1840ರ ದಶಕದ ಕೊನೆಗೆ ಅದರಲ್ಲಿ 14 ಕೌಂಟಿ, ರಾಜ್ಯದ ಸುಮಾರು ಐದನೇ ಒಂದು ಭಾಗ. ವಸಂತದಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ, ಪ್ರತಿ ಸಲ ಹತ್ತು ಹನ್ನೆರಡು ವಾರ. ಕೆಲವು ಊರಲ್ಲಿ ಎರಡು ಮೂರು ದಿನದ ಕೋರ್ಟು, ಕೆಲವು ಕಡೆ ವಾರ. ರೈಲು ಬರುವವರೆಗೆ ಕುದುರೆಯ ಮೇಲೆ ಇಲ್ಲವೇ ಬಗ್ಗಿಯಲ್ಲಿ, ಹುಲ್ಲುಗಾವಲಿನ ಕೆಸರಿನಲ್ಲಿ ಪಯಣ. ಛತ್ರದಂಥ ಹೋಟೆಲುಗಳಲ್ಲಿ ಇಬ್ಬರಿಗೊಂದು ಹಾಸಿಗೆ. 1848ರಿಂದ ಅಲ್ಲಿ ನ್ಯಾಯಾಧೀಶನಾಗಿದ್ದ ಡೇವಿಡ್ ಡೇವಿಸ್‌ಗೆ ಮಾತ್ರ ಹಾಸಿಗೆ ಒಬ್ಬನಿಗೇ. 300 ಪೌಂಡ್ ದಾಟಿದ ದೇಹ, ಪಕ್ಕದಲ್ಲಿ ಜಾಗ ಎಲ್ಲಿ?

ಹೆಚ್ಚಿನ ವಕೀಲರು ಒಂದೆರಡು ಕೌಂಟಿ ಸುತ್ತಿ ಮನೆಗೆ ಮರಳುತ್ತಿದ್ದರು. ಪೂರ್ತಿ ಸುತ್ತು ಮುಗಿಸುತ್ತಿದ್ದವರು ಕೆಲವೇ ಮಂದಿ, ಅವರಲ್ಲಿ ಲಿಂಕನ್ ಒಬ್ಬ. ಊರು ತಲುಪಿದೊಡನೆ ಸ್ಥಳೀಯ ವಕೀಲರು ಕೇಸಿನ ಕಾಗದ ಹಿಡಿದು ಕಾಯುತ್ತಿರುತ್ತಿದ್ದರು, ಮರುದಿನ ಬೆಳಗ್ಗೆಯೇ ವಿಚಾರಣೆ. ತಯಾರಿಗೆ ಒಂದು ಸಂಜೆ ಸಿಕ್ಕರೆ ಹೆಚ್ಚು. ಗ್ರಂಥಾಲಯವಿಲ್ಲ, ಹಳೆಯ ತೀರ್ಪುಗಳ ಸಂಪುಟವಿಲ್ಲ. ಇಂಥ ಕಡೆ ಗೆಲ್ಲುವುದು ಕಾನೂನಿನ ಪಾಂಡಿತ್ಯಕ್ಕಿಂತ, ಕೇಸಿನ ಜೀವ ಯಾವ ಒಂದು ಅಂಶದಲ್ಲಿದೆ ಎಂದು ಬೇಗ ಹಿಡಿಯುವ ಚುರುಕು. ಎದುರಾಳಿ ಎತ್ತಿದ ಐದಾರು ಅಂಶಗಳನ್ನು ಲಿಂಕನ್ ಸಲೀಸಾಗಿ ಬಿಟ್ಟುಕೊಡುತ್ತಿದ್ದ. ಇವನಿಗೇನು ವಾದವೇ ಇಲ್ಲವೇ ಎಂದು ಜ್ಯೂರಿ ಅಂದುಕೊಳ್ಳುವಷ್ಟರಲ್ಲಿ, ಬಿಡದ ಒಂದರ ಮೇಲೆ ಕೂತುಬಿಡುತ್ತಿದ್ದ. ಜೊತೆಗೆ ತಿರುಗಿದ ಲೆನರ್ಡ್ ಸ್ವೆಟ್ ಇದನ್ನು ಮುಂದೆ ಬಣ್ಣಿಸಿದ್ದಾನೆ. 1858ರ ಮೇ 7ರಂದು ಬಿಯರ್ಡ್ಸ್‌ಟೌನ್‌ನಲ್ಲಿ ನಡೆದ ಡಫ್ ಆರ್ಮ್‌ಸ್ಟ್ರಾಂಗ್ ಕೊಲೆ ವಿಚಾರಣೆಯಲ್ಲಿ ಅಂಥ ಒಂದು ಅಂಶ ಚಂದ್ರ. ರಾತ್ರಿ 11ರ ಹೊತ್ತಿಗೆ ನೆತ್ತಿಯ ಮೇಲಿದ್ದ ಬೆಳದಿಂಗಳಿನಲ್ಲಿ ಹೊಡೆತ ಕಂಡೆನೆಂದು ಸಾಕ್ಷಿ ಹೇಳಿದ. ಲಿಂಕನ್ ಪಂಚಾಂಗ ತೆಗೆದು ಆ ಹೊತ್ತಿಗೆ ಚಂದ್ರ ಮುಳುಗುವ ಹಂತದಲ್ಲಿದ್ದನೆಂದು ತೋರಿಸಿದ. ಆರೋಪಿ ಬಿಡುಗಡೆಯಾದ. ನ್ಯೂ ಸೇಲಂ ದಿನಗಳಲ್ಲಿ ಅನ್ನ ಹಾಕಿದ ಹ್ಯಾನಾ ಆರ್ಮ್‌ಸ್ಟ್ರಾಂಗ್‌ಳ ಮಗ ಅವನು, ಫೀಸು ತೆಗೆದುಕೊಳ್ಳಲಿಲ್ಲ.

ಕಚೇರಿಯ ಕೆಲಸದಲ್ಲಿ ಮಾತ್ರ ಲಿಂಕನ್ ಅಸ್ತವ್ಯಸ್ತ. ಉದ್ದ ಟೋಪಿಯೇ ಅವನ ಕಡತದ ಪೆಟ್ಟಿಗೆ. 1850ರಲ್ಲಿ ಒಬ್ಬ ವಕೀಲನಿಗೆ ತಡವಾಗಿ ಉತ್ತರ ಬರೆಯುತ್ತ ಕೊಟ್ಟ ಕಾರಣ: ನಿಮ್ಮ ಕಾಗದವನ್ನು ಹಳೆಯ ಟೋಪಿಯಲ್ಲಿಟ್ಟಿದ್ದೆ, ಮರುದಿನ ಹೊಸ ಟೋಪಿ ಕೊಂಡೆ, ಹಳೆಯದು ಪಕ್ಕಕ್ಕೆ ಹೋಯಿತು. ಅದೇ ಸುಮಾರಿಗೆ ಕಾನೂನು ವಿದ್ಯಾರ್ಥಿಗಳಿಗೆಂದು ಬರೆದಿಟ್ಟ ಟಿಪ್ಪಣಿಯಲ್ಲಿ, ಇಂದು ಮಾಡಬಹುದಾದ್ದನ್ನು ನಾಳೆಗೆ ಬಿಡಬೇಡಿ ಎಂದಿದ್ದಾನೆ! ಅದರಲ್ಲೇ ಇನ್ನೊಂದು ಅನುಭವದ ಮಾತಿದೆ: ಪೂರ್ತಿ ಫೀಸನ್ನು ಮುಂಗಡ ತೆಗೆದುಕೊಳ್ಳಬೇಡಿ, ತೆಗೆದುಕೊಂಡರೆ ಕೇಸಿನ ಮೇಲೆ ಆಸಕ್ತಿ ಉಳಿಯುವುದಿಲ್ಲ.

ಚಾರ್ಲ್ಸ್‌ಟನ್, ಎರಡು ಸಲ

1847ರ ಅಕ್ಟೋಬರ್‌ನಲ್ಲಿ ಕೋಲ್ಸ್ ಕೌಂಟಿಯ ಚಾರ್ಲ್ಸ್‌ಟನ್‌ನಲ್ಲಿ ಲಿಂಕನ್ ಗುಲಾಮರ ಒಡೆಯನ ಪರ ನಿಂತ. ಕೆಂಟಕಿಯ ರಾಬರ್ಟ್ ಮ್ಯಾಟ್ಸನ್ ಇಲಿನಾಯ್‌ನ ತನ್ನ ಹೊಲದಲ್ಲಿ ದುಡಿಸಲು ಗುಲಾಮರನ್ನು ಕರೆತಂದು, ಸುಗ್ಗಿ ಮುಗಿದ ಮೇಲೆ ವಾಪಸು ಕಳಿಸುತ್ತಿದ್ದ. ಜೇನ್ ಬ್ರಯಂಟ್ ಮತ್ತು ಅವಳ ನಾಲ್ವರು ಮಕ್ಕಳು ಅಲ್ಲೇ ಹೆಚ್ಚು ಕಾಲ ಉಳಿದಿದ್ದರು. ಮಾರಿಬಿಡುತ್ತಾರೆಂಬ ಭಯದಿಂದ ಆಶ್ರಯ ಬೇಡಿದರು. ಅವರು ಇಲ್ಲಿ ಬಂದುಹೋಗುವವರಷ್ಟೇ, ನೆಲೆಸಿದವರಲ್ಲ ಎಂಬುದು ಮ್ಯಾಟ್ಸನ್ ಪರ ವಾದ. ಕೋರ್ಟು ಒಪ್ಪಲಿಲ್ಲ, ಕುಟುಂಬ ಬಿಡುಗಡೆಯಾಯಿತು. ನ್ಯಾನ್ಸ್‌ಳ ಸ್ವಾತಂತ್ರ್ಯದ ಪರ ವಾದಿಸಿ ಗೆದ್ದವನೇ ಆರು ವರ್ಷಗಳ ನಂತರ ಇದಕ್ಕೆ ವಿರುದ್ಧ ನಿಂತ. ಬಂದ ಕಕ್ಷಿದಾರನನ್ನು ತಿರುಗಿ ಕಳಿಸದಿರುವುದು ಆ ಕಾಲದ ವಕೀಲರ ರೂಢಿ ಎಂಬ ಸಮಜಾಯಿಷಿ ಇದೆ. ಅದು ರೂಢಿಯನ್ನು ವಿವರಿಸುತ್ತದೆ, ಆ ಐವರ ಎದುರು ನಿಂತದ್ದನ್ನು ಅಳಿಸುವುದಿಲ್ಲ.

ಹನ್ನೊಂದು ವರ್ಷಗಳ ಮೇಲೆ, 1858ರ ಸೆಪ್ಟೆಂಬರ್ 18ರಂದು, ಅದೇ ಊರಿನಲ್ಲಿ, ಅಮೆರಿಕದ ಸೆನೆಟ್ ಸ್ಥಾನಕ್ಕೆ ತನ್ನ ಎದುರಾಳಿಯಾಗಿದ್ದ ಸ್ಟೀಫನ್ ಡಗ್ಲಸ್ ಎದುರಿನ ನಾಲ್ಕನೆಯ ಚರ್ಚೆ. ಬಿಳಿಯರ ಮತ್ತು ಕಪ್ಪು ಜನರ ನಡುವೆ ಸಾಮಾಜಿಕ, ರಾಜಕೀಯ ಸಮಾನತೆ ತನಗೆ ಬೇಕಿಲ್ಲ ಎಂದು ಲಿಂಕನ್ ಅಲ್ಲಿ ಸ್ಪಷ್ಟವಾಗಿ ಹೇಳಿದ. ಗುಲಾಮಗಿರಿ ಅನ್ಯಾಯ, ಅದು ಹೊಸ ಸೀಮೆಗಳಿಗೆ ಹಬ್ಬಕೂಡದು ಎಂಬುದರಲ್ಲಿ ಅವನಿಗೆ ಗೊಂದಲವಿರಲಿಲ್ಲ. ಸಮಾನತೆಯ ಮಾತು ಬಂದಾಗ ಮತದಾರರ ಮುಖ ನೋಡಿ ಹಿಂದೆ ಸರಿಯುತ್ತಿದ್ದ.

ರೈಲು ಬಂತು, ಫೀಸು ಏರಿತು

1851ರಲ್ಲಿ ಇಲಿನಾಯ್ ಸೆಂಟ್ರಲ್ ರೈಲು ಕಂಪನಿಗೆ ಸನ್ನದು ಸಿಕ್ಕಿತು. ಕಂಪನಿ ತನ್ನ ವರಮಾನದಲ್ಲಿ ಒಂದು ಪಾಲನ್ನು ರಾಜ್ಯಕ್ಕೆ ಕೊಡಬೇಕು, ಬದಲಿಗೆ ಬೇರೆ ತೆರಿಗೆಯಿಲ್ಲ. ಮ್ಯಾಕ್‌ಲೀನ್ ಕೌಂಟಿ ಮಾತ್ರ ತನ್ನ ಎಲ್ಲೆಯಲ್ಲಿದ್ದ ರೈಲಿನ ಆಸ್ತಿಗೆ ತೆರಿಗೆ ಹಾಕಿತು. ಒಂದು ಕೌಂಟಿ ಗೆದ್ದರೆ ಹಳಿ ಹಾದುಹೋಗುವ ಎಲ್ಲ ಕೌಂಟಿಗಳೂ ಹಾಕುತ್ತಿದ್ದವು, ಕಂಪನಿ ಉಳಿಯುತ್ತಿರಲಿಲ್ಲ. ರಾಜ್ಯ ಕೊಟ್ಟ ವಿನಾಯಿತಿ ಕೌಂಟಿಯನ್ನೂ ಕಟ್ಟಿಹಾಕುತ್ತದೆಯೇ ಎಂಬುದೇ ಪ್ರಶ್ನೆ. ಲಿಂಕನ್ ಕಂಪನಿಯ ಪರ ವಾದಿಸಿ 1856ರಲ್ಲಿ ರಾಜ್ಯ ಸುಪ್ರೀಂ ಕೋರ್ಟಿನಲ್ಲಿ ಗೆದ್ದ. 5,000 ಡಾಲರ್ ಫೀಸು ಕೇಳಿದ, ಕಂಪನಿ ಕೊಡಲಿಲ್ಲ. 1857ರಲ್ಲಿ ತನ್ನ ಕಕ್ಷಿದಾರನ ಮೇಲೆಯೇ ದಾವೆ ಹೂಡಿ, ಮೊದಲೇ ಬಂದಿದ್ದ ಮುಂಗಡ ಕಳೆದು 4,800 ಡಾಲರಿನ ತೀರ್ಪು ಪಡೆದ. ಅರ್ಧ ಹರ್ನ್‌ಡನ್‌ಗೆ ಹೋಯಿತು. ಆಮೇಲೂ ಅದೇ ಕಂಪನಿಯ ಕೇಸು ನಡೆಸಿದ ಎಂಬುದು ಇದರ ಸ್ವಾರಸ್ಯ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಶಿಕಾಗೋದಲ್ಲಿ ಸೇತುವೆಯ ಕೇಸು. ಮಿಸಿಸಿಪಿಗೆ ಅಡ್ಡಲಾಗಿ ಕಟ್ಟಿದ ಮೊದಲ ರೈಲು ಸೇತುವೆ 1856ರ ಏಪ್ರಿಲ್‌ನಲ್ಲಿ ತೆರೆದಿತ್ತು. ಮೇ 6ರಂದು 'ಎಫಿ ಆಫ್ಟನ್' ಎಂಬ ಉಗಿಹಡಗು ಕಂಬಕ್ಕೆ ಬಡಿದು ಸುಟ್ಟುಹೋಯಿತು. ನದಿಯ ಸಂಚಾರಕ್ಕೆ ಸೇತುವೆ ಅಡ್ಡಿ ಎಂದು ಹಡಗಿನವರ ದಾವೆ. ಸೇತುವೆ ಕಂಪನಿಯ ಪರ ಲಿಂಕನ್ ನೀರಿನ ಸೆಳೆತದ ವೇಗ, ಕಂಬಗಳ ಕೋನ, ಹಡಗಿನ ಚಕ್ರ ಎಲ್ಲವನ್ನೂ ಜ್ಯೂರಿಯ ಮುಂದೆ ಬಿಡಿಸಿಟ್ಟ. ಹನ್ನೊಂದು ತಿಂಗಳಲ್ಲಿ ಸೇತುವೆ ದಾಟಿದ್ದು 12,586 ಸರಕು ಬಂಡಿ, 74,179 ಪ್ರಯಾಣಿಕರು. ನದಿಯ ಉದ್ದಕ್ಕೆ ಸಾಗುವ ಹಕ್ಕಿನಷ್ಟೇ ಅಡ್ಡಕ್ಕೆ ದಾಟುವ ಹಕ್ಕೂ ದೊಡ್ಡದು ಎಂಬುದು ವಾದದ ತಿರುಳು. ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, ಸೇತುವೆ ಉಳಿಯಿತು. ಸರ್ವೇಯರ್ ಆಗಿದ್ದವನಿಗೆ ಇಂಥ ಲೆಕ್ಕ ಇಷ್ಟದ ಕೆಲಸ. 1849ರಲ್ಲಿ, ಮರಳಿಗೆ ಸಿಕ್ಕಿದ ದೋಣಿಯನ್ನು ಎತ್ತುವ ಉಪಾಯಕ್ಕೆ ಅವನ ಹೆಸರಲ್ಲಿ 6469ನೇ ಪೇಟೆಂಟು ಕೂಡ ಆಗಿತ್ತು.

ಮತಗಳ ಲೆಕ್ಕ

1847ರಿಂದ 49ರವರೆಗಿನ ಒಂದು ಅವಧಿಯ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸದಸ್ಯತ್ವದಿಂದ ಬಂದದ್ದು ಕಡಿಮೆ. ಮೆಕ್ಸಿಕೋ ಯುದ್ಧದ ಮೊದಲ ರಕ್ತ ಯಾವ ಜಾಗದಲ್ಲಿ ಬಿತ್ತು ತೋರಿಸಿ ಎಂದು ಅಧ್ಯಕ್ಷ ಪೋಕ್‌ನನ್ನು ವಕೀಲನಂತೆಯೇ ಪಾಟಿಸವಾಲು ಮಾಡಿದ. ಊರಲ್ಲಿ ಅದು ಹಿಡಿಸಲಿಲ್ಲ. ದೂರದ ಆರೆಗಾನ್ ಸೀಮೆಯ ಗವರ್ನರ್ ಹುದ್ದೆ ಒದಗಿ ಬಂದಾಗ ಬೇಡವೆಂದು ಮತ್ತೆ ಸರ್ಕಿಟ್‌ಗೆ ಇಳಿದ. ರಾಜಕೀಯಕ್ಕೆ ಅವನನ್ನು ಎಳೆದುತಂದದ್ದು 1854ರ ಕಾನ್ಸಾಸ್-ನೆಬ್ರಾಸ್ಕ ಕಾಯ್ದೆ. ಹೊಸ ಸೀಮೆಗಳಲ್ಲಿ ಗುಲಾಮಗಿರಿ ಬೇಕೋ ಬೇಡವೋ ಎಂಬುದನ್ನು ಅಲ್ಲಿ ನೆಲೆಸಿದವರೇ ನಿರ್ಧರಿಸಲಿ ಎಂದಿತು ಡಗ್ಲಸ್ ತಂದ ಆ ಕಾಯ್ದೆ. ಕೋರ್ಟಿನ ವಾರದಲ್ಲಿ ಸುತ್ತಲ ರೈತರೆಲ್ಲ ಕೌಂಟಿಯ ಊರಿಗೆ ಬಂದಿರುತ್ತಿದ್ದರು. ಹಗಲು ಕೇಸು, ಸಂಜೆ ಭಾಷಣ. ಬೇರೆ ಸಭೆ ಕೂಡಿಸುವ ಖರ್ಚೇ ಇಲ್ಲ.

ಆಗ ಸೆನೆಟರ್‌ಗಳನ್ನು ಜನ ನೇರವಾಗಿ ಆರಿಸುತ್ತಿರಲಿಲ್ಲ, ರಾಜ್ಯದ ಶಾಸಕರು ಆರಿಸುತ್ತಿದ್ದರು. 1855ರಲ್ಲಿ ಲಿಂಕನ್ ಮೊದಲ ಸುತ್ತಿನಲ್ಲಿ 44 ಮತ ಪಡೆದು ಮುಂದಿದ್ದ, ಗೆಲ್ಲಲು ಆರೇಳು ಮತ ಕಡಿಮೆ ಬಿದ್ದವು. ಅವನಂತೆಯೇ ಆ ಕಾಯ್ದೆಯನ್ನು ವಿರೋಧಿಸುತ್ತಿದ್ದ ಲೈಮನ್ ಟ್ರಂಬಲ್‌ಗೆ ಇದ್ದದ್ದು ಐದೇ ಮತ, ಆದರೆ ಆ ಐವರು ಜಗ್ಗಲಿಲ್ಲ. ಸುತ್ತು ಕಳೆದಂತೆ ಲಿಂಕನ್ ಮತ 15ಕ್ಕೆ ಕುಸಿಯಿತು, ಎದುರಾಳಿ ಮ್ಯಾಟಿಸನ್ 47ಕ್ಕೆ ಬಂದ. ಲಿಂಕನ್ ತನ್ನವರನ್ನೆಲ್ಲ ಟ್ರಂಬಲ್ ಕಡೆ ಕಳಿಸಿದ. ಹತ್ತನೆಯ ಸುತ್ತಿನಲ್ಲಿ ಟ್ರಂಬಲ್ 51 ಮತ ಪಡೆದು ಗೆದ್ದ. ಸೋಲುಗಳ ಪಟ್ಟಿಯಲ್ಲಿ ಇದು ಒಂದು ಸಾಲು. ಕಾಯ್ದೆಯ ವಿರೋಧಿಗಳಿಗೆ ಮಾತ್ರ ಇದು ಗೆಲುವು, ಟ್ರಂಬಲ್ ಕಡೆಯವರು ಅದನ್ನು ನೆನಪಿಟ್ಟುಕೊಂಡರು.

1858ರಲ್ಲಿ ಸೆನೆಟ್ ಸ್ಥಾನಕ್ಕಾಗಿ ಡಗ್ಲಸ್ ವಿರುದ್ಧ ಏಳು ಊರುಗಳಲ್ಲಿ ಚರ್ಚೆ. ಮೊದಲು ಮಾತಾಡುವವನಿಗೆ 60 ನಿಮಿಷ, ಉತ್ತರಕ್ಕೆ 90, ಮರುತ್ತರಕ್ಕೆ 30. ಕೋರ್ಟಿನ ವಾದದ್ದೇ ಅಚ್ಚು. ಶಾಸಕರ ಮತದಲ್ಲಿ ಡಗ್ಲಸ್ 54, ಲಿಂಕನ್ 46. ಕ್ಷೇತ್ರಗಳ ಹಂಚಿಕೆ ಹಳೆಯದು, ಉತ್ತರ ಇಲಿನಾಯ್‌ನಲ್ಲಿ ಬೆಳೆದಿದ್ದ ಜನಸಂಖ್ಯೆ ಅದರಲ್ಲಿ ಲೆಕ್ಕಕ್ಕೆ ಬರಲಿಲ್ಲ.

ಅಧ್ಯಕ್ಷ ಪದವಿಗೆ ಅಭ್ಯರ್ಥಿಯನ್ನು ಆರಿಸಲು ರಿಪಬ್ಲಿಕನ್ ಪಕ್ಷ ನಡೆಸಿದ 1860ರ ಮೇ ತಿಂಗಳ ಶಿಕಾಗೋ ಸಮಾವೇಶದಲ್ಲಿ ಸರ್ಕಿಟ್ ಫಲ ಕೊಟ್ಟಿತು. ಲಿಂಕನ್ ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಕೂತಿದ್ದ. ಶಿಕಾಗೋದಲ್ಲಿ ಕೆಲಸ ನಡೆಸಿದವರು ನ್ಯಾಯಾಧೀಶ ಡೇವಿಸ್, ಸ್ವೆಟ್, ಲೋಗನ್, ವಾರ್ಡ್ ಹಿಲ್ ಲ್ಯಾಮನ್. ಒಂದೇ ಹಾಸಿಗೆ ಹಂಚಿಕೊಂಡು ವರ್ಷಗಟ್ಟಲೆ ಕೂಡಿ ತಿರುಗಿದ ಕೋರ್ಟಿನ ಬಳಗ ಅದು. ಯಾವ ಅಭ್ಯರ್ಥಿಯ ಕಡೆಯವರನ್ನೂ ನೋಯಿಸಬಾರದು, ಅವರವರ ಮೊದಲ ಆಯ್ಕೆ ಬಿದ್ದರೆ ಎರಡನೆಯವನಾಗಿ ಲಿಂಕನ್ ನೆನಪಾಗಬೇಕು ಎಂಬುದು ಅವರ ತಂತ್ರ. ಮೊದಲ ಸುತ್ತಿನಲ್ಲಿ ಮುಂಚೂಣಿಯಲ್ಲಿದ್ದ ಅಭ್ಯರ್ಥಿ ಸೀವರ್ಡ್‌ಗೆ 173½, ಲಿಂಕನ್‌ಗೆ 102. ಬೇಕಿದ್ದದ್ದು 233. ಮೂರನೆಯ ಸುತ್ತಿನಲ್ಲಿ ಲಿಂಕನ್ 231½ಕ್ಕೆ ತಲುಪಿದ ಕೂಡಲೇ ಒಹಾಯೋದ ಪ್ರತಿನಿಧಿಗಳು ಎದ್ದುನಿಂತು ಮತ ಬದಲಿಸಿದರು.

ಎರಡು ವರ್ಷಗಳ ಮೇಲೆ ಅಧ್ಯಕ್ಷ ಲಿಂಕನ್ ಡೇವಿಸ್‌ನನ್ನು ಸುಪ್ರೀಂ ಕೋರ್ಟಿಗೆ ನೇಮಿಸಿದ. 1865ರ ಏಪ್ರಿಲ್‌ನಲ್ಲಿ ಕೊಲೆಯಾದಾಗ, ಜೀವಮಾನವಿಡೀ ಕಂಡವರ ವಿಧವೆಯರಿಗೆ ಪಾಲು ಕೊಡಿಸಿದ ವಕೀಲ ತಾನು ಉಯಿಲು ಬರೆದಿರಲಿಲ್ಲ. ಆಸ್ತಿಯ ವಿಲೇವಾರಿ ಹಳೆಯ ಸರ್ಕಿಟ್ ನ್ಯಾಯಾಧೀಶನ ಕೈಗೇ ಬಂತು. ಡೇವಿಸ್ ಎರಡೂವರೆ ವರ್ಷ ಅದನ್ನು ನೋಡಿಕೊಂಡು, ಸುಮಾರು 1,10,000 ಡಾಲರನ್ನು ಲಿಂಕನ್‌ನ ಹೆಂಡತಿ ಮೇರಿ ಮತ್ತು ಇಬ್ಬರು ಗಂಡುಮಕ್ಕಳಿಗೆ ಮೂರು ಸಮಪಾಲು ಮಾಡಿ ಹಂಚಿದ. ಆ ಕೆಲಸಕ್ಕೆ ಕಾನೂನಿನಂತೆ ತನಗೆ ಸಲ್ಲಬೇಕಿದ್ದ ಫೀಸನ್ನು ಅವನು ತೆಗೆದುಕೊಳ್ಳಲಿಲ್ಲ.